ವಿದ್ಯಾಧನವು ಯಾರದು?

ಮಗನು ಓದು ಮುಗಿಸಿ ಉದ್ಯೋಗಕ್ಕೆ ಸೇರಿ, ತನ್ನ ಪ್ರಥಮ ವೇತನವನ್ನು ತಂದು ತಾಯಿಯ ಕೈಗೆ ಒಪ್ಪಿಸಿ ನಮಸ್ಕರಿಸುವ ಪದ್ಧತಿಯು ನಮ್ಮ ಮನೆತನಗಳಲ್ಲಿ ಉಂಟು. ಅದು ಸುಂದರವಾದ ಸಂಪ್ರದಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎರಡನೆಯ ತಿಂಗಳ ವೇತನವೂ ಇಪ್ಪತ್ತನೆಯ ತಿಂಗಳ ವೇತನವೂ ತಂದೆಯ ಅಪ್ಪಣೆಯಿಲ್ಲದೆ ವೆಚ್ಚವಾಗಕೂಡದೆಂಬ ನಿರ್ಬಂಧವನ್ನು ಸಂಪ್ರದಾಯವೆಂದು ಕರೆಯಲು ನನ್ನ ಮನಸ್ಸು ಒಪ್ಪದು. "ಓದಿಸಿದವರು ನಾವಲ್ಲವೆ?" ಎಂಬುದು ಹಿರಿಯರ ವಾದ. ಅದರ ಬಲಾಬಲವನ್ನು ತುಸು ವಿಚಾರಿಸೋಣ.

ಪ್ರಶ್ನೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ 'ಮಿತಾಕ್ಷರಾ'ವನ್ನು ರಚಿಸಿದ ವಿಜ್ಞಾನೇಶ್ವರನು ದಾಯವಿಭಾಗ ಪ್ರಕರಣದಲ್ಲಿ ವಿದ್ಯಾಧನವನ್ನು ಕುರಿತು ಚರ್ಚಿಸಿದ್ದಾನೆ. ಪಿತೃದ್ರವ್ಯಕ್ಕೆ ಹಾನಿಯಾಗದಂತೆ ವಿದ್ಯೆಯಿಂದ ಸಂಪಾದಿಸಿದ್ದು ದಾಯಾದಿಗಳಿಗೆ ಹಂಚತಕ್ಕದ್ದಲ್ಲವೆಂಬುದು ಅವನ ನಿರ್ಣಯ. ಆ 'ಹಾನಿಯಾಗದಂತೆ' ಎಂಬ ವಿಶೇಷಣವೇ ಮುಂದೆ ವ್ಯಾಜ್ಯಗಳಿಗೆ ಬೀಜವಾಯಿತು. ಮನೆಯ ಹಣದಿಂದ ವಿಶೇಷ ಶಿಕ್ಷಣ ಪಡೆದವನ ಗಳಿಕೆ ಅವಿಭಕ್ತ ಕುಟುಂಬದ ಸ್ವತ್ತೆಂದು ಬ್ರಿಟಿಷರ ಕಾಲದಲ್ಲಿ ತೀರ್ಪುಗಳಾದವು. ಕಡೆಗೆ, ಹಿಂದೂಗಳ ವಿದ್ಯಾರ್ಜಿತ ಸಂಪತ್ತನ್ನು ಕುರಿತ 1930ರ ಕಾಯಿದೆಯು, ಓದಿನ ವೆಚ್ಚವನ್ನು ಕುಟುಂಬವೇ ವಹಿಸಿದ್ದರೂ ಆ ಗಳಿಕೆ ಗಳಿಸಿದವನ ಸ್ವಂತದ್ದೆಂದು ಸ್ಪಷ್ಟಪಡಿಸಿತು. ತೊಂಬತ್ತು ವರ್ಷಗಳು ಕಳೆದರೂ ಆ ಕಾಯಿದೆ ನಮ್ಮ ಪಡಸಾಲೆಗಳನ್ನು ಇನ್ನೂ ಪ್ರವೇಶಿಸಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದಾನೆ. ತಾನು ಉಂಡು ಬೆಳೆದ ಪ್ರಸಾದ ನಿಲಯಕ್ಕೆ ಒಂದು ದಿನದ ದಾಸೋಹದ ವೆಚ್ಚವನ್ನು ಕೊಡಬೇಕೆಂದು ಅವನ ಬಯಕೆ. "ನಮ್ಮಪ್ಪನವರನ್ನ ಒಂದು ಮಾತು ಕೇಳಿ ಹೇಳ್ತೀನ್ರೀ, ಗುರುಗಳೆ" ಎಂದ. ಅವನ ವಯಸ್ಸು ಇಪ್ಪತ್ತೊಂಬತ್ತು! ಬ್ಯಾಂಕಿನ ಕಾರ್ಡು ಊರಿನಲ್ಲಿ ತಂದೆಯ ಪೆಟ್ಟಿಗೆಯಲ್ಲಿದೆ. ಖಾತೆಯಿಂದ ಹಣ ಹೊರಟೊಡನೆ ಸಂದೇಶ ಹೋಗುವುದೂ ತಂದೆಯ ಮೊಬೈಲಿಗೇ. ತಂದೆಯವರು ಲೋಭಿಗಳಲ್ಲ. ಮಗನ ಇಂಜಿನಿಯರಿಂಗ್ ಓದಿಗಾಗಿ ಎರಡು ಎಕರೆ ಎರೆಹೊಲವನ್ನು ಮಾರಿದವರು. ಅದನ್ನು ಮರಳಿ ಕೊಳ್ಳಬೇಕೆಂಬ ಹಂಬಲದಲ್ಲಿ ಇರುವವರು. ಹೊಲ ಮಾರಿದವನ ಸಂಕಟವನ್ನು ನಾನು ಹಗುರವಾಗಿ ಕಾಣೆನು. ಆದರೆ ತಿಂಗಳಿಗೆ ಇಷ್ಟೆಂದು ಗೊತ್ತುಮಾಡಿ ಆ ಋಣವನ್ನು ತೀರಿಸುವುದು ಬೇರೆ, ತನ್ನ ದುಡಿಮೆಯ ಹಣವನ್ನೇ ತಾನು ಬೇಡಿ ಪಡೆಯುವುದು ಬೇರೆ. ಕಾಯಕದ ಫಲವು ಮಾಡಿದವನ ಕೈಗೆ ಬಂದ ಮೇಲಲ್ಲವೆ ದಾಸೋಹದ ಮಾತು? ಈ ಸಂಚಿಕೆಯನ್ನು ಓದುವ ದಾನಿಗಳು ಎಷ್ಟು ಮಕ್ಕಳ ಅನ್ನಕ್ಕೆ ಅಕ್ಕಿ ಜೋಳ ಕೊಟ್ಟಿದ್ದಾರೆ! ಅವರಾರೂ ಆ ಮಕ್ಕಳ ವೇತನದಲ್ಲಿ ಪಾಲು ಕೇಳಿದ್ದನ್ನು ನಾನು ಕಾಣೆ.

ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಠಿಣ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ದೊರೆಯಿತು. ತಂದೆಯ ಆಸ್ತಿಯಲ್ಲಿ ಪಾಲುಳ್ಳವಳಿಗೆ ತನ್ನ ಸಂಬಳದ ಮೇಲೆಯೇ ಅಧಿಕಾರವಿಲ್ಲವೆಂಬುದು ವಿಚಿತ್ರವಲ್ಲವೆ? ಮದುವೆಗೆ ಮುಂಚೆ ಆ ಹಣ ತಂದೆಯ ಇಚ್ಛೆಯಂತೆ ಬಂಗಾರವಾಗುತ್ತದೆ, ಅನಂತರ ಅತ್ತೆಮನೆಯ ಕಂತಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ನೂಲುತ್ತಿದ್ದ ಕದಿರ ರೆಮ್ಮವ್ವೆಗೆ ಕಾಯಕವೇ ಹೆಸರಾಯಿತು. ಇಂದಿನ ಎಷ್ಟೋ ಶಿಕ್ಷಕಿಯರಿಗೆ ತಮ್ಮ ಪಾಸುಬುಕ್ಕೇ ಕೈಗೆ ನಿಲುಕದು.

ಸ್ವಾತಂತ್ರ್ಯವೆಂದರೆ ಹೊಣೆ ಕಳಚಿಕೊಳ್ಳುವುದೆಂದು ತಿಳಿದ ತರುಣರೂ ಇದ್ದಾರೆ. ಮುಪ್ಪಿನ ತಂದೆತಾಯಿಗಳ ಪೋಷಣೆಗೆ 2007ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಗಿ ಬಂದಿತು. ಆದರೆ ಇಪ್ಪತ್ತೊಂಬತ್ತರವರೆಗೆ ಕೈಯಲ್ಲಿ ಕಾಸಾಡದವನು ಹೊಣೆಗಾರಿಕೆಯನ್ನು ಎಲ್ಲಿ ಕಲಿಯಬೇಕು?

ವ್ಯಾಕರಣದಲ್ಲಿ ಮಾಡುವವನು ಕರ್ತೃ, ಮಾಡಿಸುವವನು ಪ್ರಯೋಜಕ ಕರ್ತೃ. ಪ್ರಯೋಜಕನಿದ್ದ ಮಾತ್ರಕ್ಕೆ ಮಾಡುವವನ ಕರ್ತೃತ್ವವು ಅಳಿಯದು. ತಂದೆತಾಯಿಗಳು ಪ್ರಯೋಜಕರಾಗಲಿ, ಅದೂ ಸಕಾಲದಲ್ಲಿ. ಹತ್ತು ವರ್ಷ ತುಂಬಿದ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ನಡೆಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಅಂಥ ಖಾತೆ ತೆರೆಸಿ, ಜಮಾಖರ್ಚು ಬರೆಯುವುದನ್ನು ಕಲಿಸಬೇಕೆಂದು ಆಡಳಿತ ಮಂಡಳಿಯಲ್ಲಿ ನನ್ನ ವಿನಂತಿ. ವೇಳಾಪಟ್ಟಿಯಲ್ಲಿ ಜಾಗವಿಲ್ಲವೆಂದು ಸಹೋದ್ಯೋಗಿಗಳು ಹೇಳುವುದಾದರೆ, ಶನಿವಾರದ ನನ್ನ ಛಂದಸ್ಸಿನ ಅವಧಿಯನ್ನು ಬಿಟ್ಟುಕೊಡಲು ಸಿದ್ಧನಿದ್ದೇನೆ.