ಹೀಗೇ ಬರೋದು ಸಾರ್!



ಈ ಬಾರಿ ಹಳೆಯ ನೆನಪು ಬರೆಯುತ್ತಿಲ್ಲ, ಜಗಳಕ್ಕೆ ಬಂದಿದ್ದೇನೆ. ಅದೂ ನಿಮ್ಮಲ್ಲಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ತಂತ್ರಾಂಶ ಬರೆದು ಬದುಕುತ್ತಿರುವವರೊಡನೆ. ಉಳಿದವರು ಪಂಚಾಯಿತಿಗೆ ಕುಳಿತವರಂತೆ ಕೇಳಿ, ನ್ಯಾಯ ಹೇಳಿ.

ಕಳೆದ ತಿಂಗಳು ಒಂದು ಭಾನುವಾರ ಕಾಡುಗೋಡಿಯ ಬಳಿ ಇರುವ ಶಿಷ್ಯನೊಬ್ಬನ ಮನೆಗೆ ಹೋಗಿದ್ದೆ. 2023ರಲ್ಲಿ ಮೆಟ್ರೋ ಅಲ್ಲಿಯವರೆಗೆ ಬಂದ ಮೇಲೆ ನನ್ನಂಥವರಿಗೂ ಆ ಪ್ರಯಾಣ ಸುಲಭವಾಗಿದೆ. ಕಾಫಿಯಾದ ಬಳಿಕ ಅವನು ತನ್ನ ಲ್ಯಾಪ್‌ಟಾಪಿನ ಟರ್ಮಿನಲ್ ತೋರಿಸಿದ. ಮೌಸಿನ ಹಂಗಿಲ್ಲದೆ ಆಜ್ಞೆಗಳನ್ನು ಅಕ್ಷರದಲ್ಲಿಯೇ ಬರೆದು ಗಣಕದಿಂದ ಕೆಲಸ ಮಾಡಿಸುವ ಕಪ್ಪು ಕಿಟಕಿ ಅದು. ಅದನ್ನು ಅವನು ಮದುವಣಗಿತ್ತಿಯಂತೆ ಸಿಂಗರಿಸಿದ್ದ! ತಾನು ಯಾವ ಕಡತಕೋಶದಲ್ಲಿದ್ದೇನೆಂಬುದು ಒಂದು ಬಣ್ಣದಲ್ಲಿ, ಗಿಟ್‌ನ ಶಾಖೆ ಇನ್ನೊಂದರಲ್ಲಿ, ನಡುವೆ ಬಾಣದ ಗುರುತು, ಬಲತುದಿಯಲ್ಲಿ ಗಡಿಯಾರ. ಹೆಸರು ಚುಕ್ಕಿಯಿಂದ ಆರಂಭವಾಗುವ ಕೆಲವು ಅಡಗುಕಡತಗಳಲ್ಲಿ ಈ ಅಲಂಕಾರವೆಲ್ಲ ಬರೆದಿರುತ್ತದೆಯಂತೆ. 'ಓ ಮೈ ಝಡ್‌ಶೆಲ್' ಎಂಬುದೊಂದಿದೆ, 'ನೆರ್ಡ್ ಫಾಂಟ್ಸ್' ಎಂಬುದಿನ್ನೊಂದು. ಆರು ವರ್ಷಗಳಿಂದ ತಿದ್ದುತ್ತಿದ್ದೇನೆಂದು ಹೆಮ್ಮೆಯಿಂದ ಹೇಳಿದ. ನನಗೂ ಸಂತೋಷವೇ ಆಯಿತು. ಬಡಗಿ ತನ್ನ ಉಳಿಗೆ ತಾನೇ ಹಿಡಿ ಕೂರಿಸಿಕೊಳ್ಳುವುದನ್ನು ಕಂಡವನು ನಾನು.

ನಾನು ಹೋದದ್ದು ಒಂದು ಕೆಲಸಕ್ಕೆ. 1986ರಿಂದ ನನ್ನ ಬಳಿ ಕಲಿತವರ ಹೆಸರು, ಊರುಗಳ ಪಟ್ಟಿ ಪೆನ್‌ಡ್ರೈವಿನಲ್ಲಿತ್ತು. ಪುನರ್ಮಿಲನಕ್ಕಾಗಿ ಅದನ್ನು ಅಕಾರಾದಿಯಾಗಿ ಜೋಡಿಸಿ, ಎರಡೆರಡು ಬಾರಿ ಬಂದ ಹೆಸರುಗಳನ್ನು ತೆಗೆಯಬೇಕಿತ್ತು. "ಎರಡು ನಿಮಿಷದ ಕೆಲಸ ಸಾರ್" ಎಂದು ಅವನು ಒಂದು ಸಾಲು ಬರೆದು ಗುಂಡಿ ಒತ್ತಿದ. ಪರದೆಯ ಮೇಲೆ ನನ್ನ ಮಕ್ಕಳು ಚೂರುಚೂರಾಗಿ ಬಿದ್ದರು. ಕೃಷ್ಣಪ್ಪನ ಷಕಾರ ಒಂದೆಡೆ, ಅದರ ಒತ್ತು ಇನ್ನೊಂದೆಡೆ. ಪದ್ಮಾವತಿಯ ಮಕಾರ ದಕಾರದ ಕೆಳಗಿರುವುದನ್ನು ಬಿಟ್ಟು ಪಕ್ಕದಲ್ಲಿ ನಿಂತಿತ್ತು.

"ಟರ್ಮಿನಲ್‌ನಲ್ಲಿ ಕನ್ನಡ ಹೀಗೇ ಬರೋದು ಸಾರ್. ನೀವು ಇಂಗ್ಲಿಷ್‌ನಲ್ಲಿ ಹೆಸರು ಬರೆದು ಕೊಟ್ಟುಬಿಡಿ" ಎಂದ.

ನನ್ನ ತಕರಾರಿರುವುದು ಈ ಮಾತಿನ ಬಗೆಗೆ. ಹೀಗೇ ಬರುವುದು ಎಂದು ವಿಧಿಸಿದವರು ಯಾರು?

ಕಾರಣವನ್ನು ಅವನೇ ವಿವರಿಸಿದ, ಚೆನ್ನಾಗಿಯೇ ವಿವರಿಸಿದ. ಟರ್ಮಿನಲ್ ಎಂಬುದು ಲೆಕ್ಕದ ಚೌಕುಳಿ ಪುಸ್ತಕ. ಮನೆಗೊಂದು ಅಕ್ಷರ. ಸಾಲಿಗೆ 80 ಮನೆಗಳೆಂಬುದು 1928ರ ಐಬಿಎಂ ರಂಧ್ರಪತ್ರದ ಅಳತೆ. 1978ರಲ್ಲಿ ಡಿಇಸಿ ಸಂಸ್ಥೆಯ ವಿಟಿ100 ಬಂದಾಗಲೂ ಅದೇ ಉಳಿಯಿತು, ಇಂದಿನ ಟರ್ಮಿನಲ್‌ಗಳು ಆ ಯಂತ್ರದ ಮೊಮ್ಮಕ್ಕಳು. ಇಂಗ್ಲಿಷಿಗೆ ಇದು ಸರಿಹೊಂದುತ್ತದೆ. ಕನ್ನಡದ 'ಕೃಷ್ಣಪ್ಪ' ಮೂರು ಅಕ್ಷರ, ಯೂನಿಕೋಡ್ ಸಂಕೇತಗಳು ಎಂಟು. ಸಂಕೇತಗಳನ್ನು ಎಣಿಸಿ ಮನೆ ಹಂಚುವ ತಂತ್ರಾಂಶ ಅಕ್ಷರವನ್ನು ಸೀಳದೆ ಇನ್ನೇನು ಮಾಡೀತು? ಎಂಟನೆಯ ತರಗತಿಯಲ್ಲಿ ನನ್ನೆದುರು ಪ್ರಸ್ತಾರ ಹಾಕಿ, ಒತ್ತಕ್ಷರದ ಹಿಂದಿನದು ಗುರುವೆಂದು ಗುರುತಿಸಿದವನಿಗೆ ಅಕ್ಷರವೆಂದರೇನೆಂದು ತಿಳಿಯದೆ? ತಿಳಿದಿದೆ. ಯಂತ್ರಕ್ಕೆ ಹೇಳಿಕೊಟ್ಟಿಲ್ಲ, ಅಷ್ಟೆ.

ಅಸಾಧ್ಯವೆನ್ನಬೇಡಿ. ಚೀನೀ, ಜಪಾನೀ ಲಿಪಿಗಳಿಗೆ ಟರ್ಮಿನಲ್‌ನಲ್ಲಿ ಅಕ್ಷರಕ್ಕೆರಡು ಮನೆ ಎಂಬ ವ್ಯವಸ್ಥೆ ಎಂದೋ ಆಗಿದೆ. ನಗುವ ಹಳದಿ ಮುಖಕ್ಕೂ ಎರಡು ಮನೆ! ಎಮ್‌ಎಲ್‌ಟರ್ಮ್ ಎಂಬ ಟರ್ಮಿನಲ್ ಭಾರತೀಯ ಲಿಪಿಗಳನ್ನು ಸರಿಯಾಗಿ ತೋರಿಸಲು ಯತ್ನಿಸಿದೆ, ಅದರ ಹಿಂದಿರುವವರು ಜಪಾನಿನವರು. ಅದೇ ಲ್ಯಾಪ್‌ಟಾಪಿನ ಪಕ್ಕದ ಕಿಟಕಿಯಲ್ಲಿ, ಬ್ರೌಸರಿನಲ್ಲಿ, ನನ್ನ ಪಟ್ಟಿ ಮುತ್ತು ಪೋಣಿಸಿದಂತೆ ಕಾಣಿಸಿತು. ಅಕ್ಷರ ಕೂಡಿಸುವ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ ಯಾರು ಬೇಕಾದರೂ ಬಳಸಲೆಂದೇ ಇದೆ. ನಮ್ಮ ಶಾಲೆಯ ಕಚೇರಿಯಲ್ಲಿದ್ದ ಕನ್ನಡ ಬೆರಳಚ್ಚು ಯಂತ್ರ ಕೂಡ ಒತ್ತನ್ನು ಒತ್ತಾಗಿಯೇ ಮೂಡಿಸುತ್ತಿತ್ತು. ಅಂದವಿರಲಿಲ್ಲ, ಆದರೆ ಕೃಷ್ಣಪ್ಪ ಕೃಷ್ಣಪ್ಪನಾಗಿಯೇ ಇರುತ್ತಿದ್ದ.

"ಆಜ್ಞೆಗಳೆಲ್ಲ ಇಂಗ್ಲಿಷೇ ತಾನೆ, ಅಲ್ಲಿ ಕನ್ನಡವೇಕೆ?" ಎಂಬುದು ಅವನ ಮುಂದಿನ ವಾದ. ಆಜ್ಞೆಗಳನ್ನು ಕನ್ನಡಿಸಿ ಎಂದು ನಾನು ಕೇಳುತ್ತಿಲ್ಲ, ಅಂಥ ಹಠ ನನಗಿಲ್ಲ. ಆಜ್ಞೆ ಇಂಗ್ಲಿಷಿನಲ್ಲಿರಲಿ, ಅದರ ಕೈಗೆ ಕೊಡುವ ಸಾಮಗ್ರಿ ಕನ್ನಡವಲ್ಲವೆ? ನಿಘಂಟು, ಮತದಾರರ ಪಟ್ಟಿ, ಪಹಣಿಯ ಹೆಸರುಗಳು, ನಾಳೆ ಗಣಕಕ್ಕೆ ಕನ್ನಡ ಕಲಿಸಲು ಉಣಿಸುವ ಪಠ್ಯ — ಇವುಗಳ ಮೇಲೆ ಕೈಯಾಡಿಸಬೇಕಾದವರು ನೀವು. ಪರದೆಯಲ್ಲಿ ಓದಲಾಗದಿದ್ದರೆ ತಪ್ಪು ಹಿಡಿಯುವುದು ಹೇಗೆ? ಯೂನಿಕೋಡಿನ ಸಂಖ್ಯಾಕ್ರಮದಲ್ಲಿ ಳಕಾರ ಲಕಾರದ ಬೆನ್ನಿಗೇ ಬರುತ್ತದೆ, ನಮ್ಮ ವರ್ಣಮಾಲೆಯಲ್ಲಿ ಕಟ್ಟಕಡೆಗೆ. ಬರಿಯ ಸಂಖ್ಯೆಯನ್ನು ನಂಬಿ ಜೋಡಿಸಿದರೆ ಕ್ರಮ ಕೆಡುತ್ತದೆ. ಅದನ್ನು ಕಣ್ಣು ಹಿಡಿಯಬೇಕು, ಕಣ್ಣಿಗೆ ಅಕ್ಷರ ಕಾಣಬೇಕು.

ಇಂಗ್ಲಿಷಿನಲ್ಲಿ ಬರೆದುಕೊಟ್ಟರಂತೂ ಕಾಳಪ್ಪ ಕಲಪ್ಪನಾಗುತ್ತಾನೆ. ತಂದೆತಾಯಿ ಇಟ್ಟ ಹೆಸರನ್ನು ಹಾಜರಿ ಪುಸ್ತಕದಲ್ಲಿ ತಪ್ಪಿಲ್ಲದೆ ಬರೆಯುವುದನ್ನು ಮೂವತ್ತು ವರ್ಷ ವ್ರತದಂತೆ ನಡೆಸಿದವನು ನಾನು.

ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಿಂದಲೂ ಸ್ಥಾನವಿದೆ. ಆ ಸ್ಥಾನದಿಂದ ನಮ್ಮ ಬೆರಳತುದಿಯವರೆಗೆ ಭಾಷೆಯನ್ನು ತಂದವರು ಸಂಬಳದ ಆಜ್ಞೆಗೆ ಕಾದು ಕುಳಿತವರಲ್ಲ. ಕೆ. ಪಿ. ರಾವ್ ಅವರು ಕೀಲಿಮಣೆ ವಿನ್ಯಾಸ ಕೊಟ್ಟರು, ಶೇಷಾದ್ರಿವಾಸು ಅವರು 'ಬರಹ' ಕೊಟ್ಟರು, ಗ್ನೋಮ್, ಕೆಡಿಇಗಳನ್ನು ಕನ್ನಡಿಸಿದ ಸ್ವಯಂಸೇವಕರು ರಾತ್ರಿಗಳನ್ನು ಕೊಟ್ಟರು. ನೀವು ಬಾಣದ ಗುರುತಿನ ಬಣ್ಣಕ್ಕೆ ಆರು ವರ್ಷ ಕೊಟ್ಟಿದ್ದೀರಿ. ಅನೇಕ ಟರ್ಮಿನಲ್‌ಗಳ ಮೂಲಬರಹ ಎಲ್ಲರಿಗೂ ತೆರೆದಿದೆ ಎಂದು ನೀವೇ ಹೇಳುತ್ತೀರಿ. ಒಂದು ದೋಷವರದಿಯನ್ನಾದರೂ ಬರೆದಿರಾ? ಅವನನ್ನು ಕೇಳಿದೆ. ಇಲ್ಲ ಸಾರ್, ಎಂದು ತಲೆ ಕೆರೆದುಕೊಂಡ. ಮನೆಗೆಲಸ ಮಾಡದೆ ಬಂದ ದಿನ ಒಂಬತ್ತನೆಯ ತರಗತಿಯಲ್ಲಿಯೂ ಹಾಗೆಯೇ ಕೆರೆದುಕೊಳ್ಳುತ್ತಿದ್ದ.

ಪೆನ್‌ಡ್ರೈವ್ ಅವನಲ್ಲಿಯೇ ಇದೆ. ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಡುವುದಿಲ್ಲವೆಂದು ಹೇಳಿ ಬಂದಿದ್ದೇನೆ. ಪುನರ್ಮಿಲನದ ಆಹ್ವಾನ ತಡವಾದರೆ ಯಾರನ್ನು ಕೇಳಬೇಕೆಂದು ನಿಮಗೀಗ ಗೊತ್ತು.