ದುಡಿಯುವವರಿಗೆ ಓದು ಬೇಡವೇ?

ನೌಕರಿ ಸಿಕ್ಕಿದ ದಿನವೇ ವಿದ್ಯಾಭ್ಯಾಸಕ್ಕೆ ಪೂರ್ಣವಿರಾಮ ಹಾಕುವುದು ನಮ್ಮ ಅನೇಕ ಮನೆಗಳಲ್ಲಿ ಬೇರೂರಿರುವ ಪದ್ಧತಿ. ಮಗನಿಗೆ ಸಂಬಳ ಬರತೊಡಗಿತೆಂದರೆ ಮುಂದಿನ ಮಾತೆಲ್ಲ ಮನೆಯ ದುರಸ್ತಿ, ತಂಗಿಯ ಮದುವೆ, ಗಲ್ಫ್ ವೀಸಾದ ಕುರಿತೇ. ಆತ ಮತ್ತೆ ಪುಸ್ತಕ ಹಿಡಿದರೆ, ‘ಇನ್ನೂ ಎಷ್ಟು ಓದುವುದು?’ ಎಂಬ ಪ್ರಶ್ನೆ ಏಳುತ್ತದೆ. ದುಡಿಯುವ ಮಗಳ ಪಾಲಿಗಂತೂ ಆ ಪ್ರಶ್ನೆ ಇನ್ನಷ್ಟು ಬೇಗನೆ ಬರುತ್ತದೆ.

ಇದರ ಬೆಲೆಯನ್ನು ನಾವು ತೆರುತ್ತಲೇ ಬಂದಿದ್ದೇವೆ. ದೇಶದ ಐಐಎಂಗಳಲ್ಲಿದ್ದ 4743 ವಿದ್ಯಾರ್ಥಿಗಳ ಪೈಕಿ ಮುಸ್ಲಿಮರು ಕೇವಲ 63 ಮಂದಿ ಎಂದು 2006ರ ಸಾಚಾರ್ ಸಮಿತಿ ವರದಿ ದಾಖಲಿಸಿತ್ತು. ಆಗ ಆರು ಇದ್ದ ಐಐಎಂಗಳು ಇಂದು ಇಪ್ಪತ್ತನ್ನು ದಾಟಿವೆ. ಬೆಂಗಳೂರಿನ ಐಐಎಂ 1973ರಿಂದ ನಮ್ಮ ರಾಜ್ಯದಲ್ಲೇ ಇದೆ. ಕರಾವಳಿಯವರಿಗೆ ಕಲ್ಲಿಕೋಟೆಯ ಐಐಎಂ ಕೂಡ ದೂರವೇನಲ್ಲ. ಬಾಗಿಲುಗಳು ಹೆಚ್ಚಿವೆ. ಅವುಗಳನ್ನು ತಟ್ಟುವ ಕೈಗಳನ್ನು ನಾವು ಸಿದ್ಧಗೊಳಿಸಿದ್ದೇವೆಯೇ?

ಸ್ಪರ್ಧೆ ಕಠಿಣವೆಂಬುದು ನಿಜ. 2024ರಲ್ಲಿ ಕ್ಯಾಟ್ ಪರೀಕ್ಷೆ ಬರೆದವರು ಸುಮಾರು 2.93 ಲಕ್ಷ ಮಂದಿ. ಎರಡು ಗಂಟೆಯ ಈ ಪರೀಕ್ಷೆಯಲ್ಲಿ ಇಂಗ್ಲಿಷ್ ಓದು, ತರ್ಕ ಮತ್ತು ಅಂಕಿ-ಅಂಶಗಳ ವಿಶ್ಲೇಷಣೆ, ಗಣಿತ ಎಂಬ ಮೂರು ವಿಭಾಗಗಳಿಗೆ ತಲಾ 40 ನಿಮಿಷ. ಇದರ ಗಣಿತವು ಬಹುತೇಕ ಹೈಸ್ಕೂಲಿನ ಮಟ್ಟದ್ದೇ. ಆದರೆ ವೇಗ ಮತ್ತು ನಿಖರತೆ ಬೇಕು. ಅದು ಕೊನೆಯ ತಿಂಗಳಿನ ಓಟದಿಂದ ಬಾರದು, ನಿತ್ಯದ ಅಭ್ಯಾಸದಿಂದಲೇ ಬರಬೇಕು. ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಅರ್ಜಿ ಆರಂಭವಾಗಿ ನವೆಂಬರ್ ಕೊನೆಯಲ್ಲಿ ಪರೀಕ್ಷೆ ನಡೆಯುತ್ತದೆ. ದುಡಿಯುವವರು ವರ್ಷದ ಆರಂಭದಲ್ಲೇ ದಿನಕ್ಕೆರಡು ಗಂಟೆ ಮೀಸಲಿಟ್ಟರೆ ಸಿದ್ಧತೆ ಅಸಾಧ್ಯವಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪರೀಕ್ಷೆಗಾಗಿ ನೌಕರಿಗೆ ರಾಜೀನಾಮೆ ನೀಡುವವರಿದ್ದಾರೆ. ಇದು ಜಾಣತನವಲ್ಲ. ಪದವಿಯ ನಂತರದ ಕೆಲಸದ ಅನುಭವಕ್ಕೆ ಬೆಂಗಳೂರು ಐಐಎಂ ಸೇರಿದಂತೆ ಹಲವು ಸಂಸ್ಥೆಗಳು ಆಯ್ಕೆಯಲ್ಲಿ ಮನ್ನಣೆ ನೀಡುತ್ತವೆ. ಸಂದರ್ಶನದಲ್ಲಿ ಮಾತಾಡಲು ವಿಷಯವನ್ನು ಒದಗಿಸುವುದೂ ಆ ಕೆಲಸವೇ. ನೌಕರಿಯನ್ನು ಬಿಡಲಾಗದವರಿಗೆ ಬೆಂಗಳೂರಿನಲ್ಲೇ ವಾರಾಂತ್ಯದ ಎಂಬಿಎ ವ್ಯಾಸಂಗವೂ ಲಭ್ಯವಿದೆ.

ಆದರೆ ಅನುಭವಕ್ಕೆ ದಾಖಲೆ ಬೇಕು. ನಮ್ಮ ಪಟ್ಟಣಗಳ ಎಷ್ಟು ಅಂಗಡಿ, ಕಚೇರಿ, ಕಾರ್ಖಾನೆಗಳಲ್ಲಿ ನೇಮಕಾತಿ ಪತ್ರ ಕೊಡಲಾಗುತ್ತದೆ? ಎಷ್ಟು ಕಡೆ ಸಂಬಳವು ಬ್ಯಾಂಕ್ ಮೂಲಕ ಪಾವತಿಯಾಗುತ್ತದೆ? ಮೂರು ವರ್ಷ ಪ್ರಾಮಾಣಿಕವಾಗಿ ಲೆಕ್ಕ ಬರೆದ ಯುವಕನ ಕೈಯಲ್ಲಿ ಒಂದು ತುಂಡು ಕಾಗದವೂ ಇಲ್ಲದಿದ್ದರೆ ಆ ಮೂರು ವರ್ಷಗಳನ್ನು ರುಜುವಾತುಪಡಿಸುವುದು ಹೇಗೆ? ನೌಕರನಿಗೆ ಪತ್ರ ನೀಡುವುದು ಮಾಲಕರು ತೋರುವ ಔದಾರ್ಯವಲ್ಲ, ಅವನ ಹಕ್ಕು. ಪರೀಕ್ಷೆಯ ಹಿಂದಿನ ವಾರ ನಾಲ್ಕು ದಿನ ರಜೆ ಕೊಟ್ಟರೆ ಯಾವ ವ್ಯಾಪಾರವೂ ಮುಳುಗದು.

ಇತರ ದಾಖಲೆಗಳಲ್ಲೂ ನಮ್ಮ ಉದಾಸೀನ ಸಲ್ಲದು. ರಾಜ್ಯದ ಜಾತಿ ಪ್ರಮಾಣಪತ್ರವನ್ನೇ ಹಿಡಿದು ಕೇಂದ್ರ ಸಂಸ್ಥೆಗೆ ಹೋದರೆ ಸಾಲದು. ತಮ್ಮ ಪಂಗಡ ಕೇಂದ್ರದ ಒಬಿಸಿ ಪಟ್ಟಿಯಲ್ಲಿದೆಯೇ ಎಂದು ನೋಡಿ, ಕೇಂದ್ರದ ನಮೂನೆಯಲ್ಲೇ ಪ್ರಮಾಣಪತ್ರ ಪಡೆಯಬೇಕು. ಯಾವ ಮೀಸಲಾತಿಯಲ್ಲೂ ಬಾರದವರು 2019ರಿಂದ ಜಾರಿಯಲ್ಲಿರುವ ಶೇ. 10ರ ಆರ್ಥಿಕ ದುರ್ಬಲರ ಕೋಟಾಕ್ಕೆ ಅರ್ಹರೇ ಎಂದು ಪರಿಶೀಲಿಸಬೇಕು. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಯ ಅಂಕಗಳು ಕೂಡ ಬೆಂಗಳೂರು ಐಐಎಂನ ಆಯ್ಕೆಯಲ್ಲಿ ಪರಿಗಣಿತವಾಗುತ್ತವೆ ಎಂಬುದನ್ನು ಇಂದು ಶಾಲೆಯಲ್ಲಿರುವ ಮಕ್ಕಳ ಹೆತ್ತವರು ಮರೆಯದಿರಲಿ.

ಶುಲ್ಕದ ಪ್ರಶ್ನೆ ದೊಡ್ಡದು. ಬೆಂಗಳೂರಿನಲ್ಲಿ ಎರಡು ವರ್ಷದ ಶುಲ್ಕ ಇಪ್ಪತ್ತು ಲಕ್ಷವನ್ನು ಮೀರುತ್ತದೆ. ಬಡ್ಡಿಯ ಸಾಲಕ್ಕೆ ಮನಸ್ಸೊಪ್ಪದ ಕುಟುಂಬಗಳು ಇಲ್ಲಿಯೇ ಹಿಂದೆ ಸರಿಯುತ್ತವೆ. ಆದಾಯ ಕಡಿಮೆಯಿರುವವರಿಗೆ ಸಂಸ್ಥೆಗಳಲ್ಲೇ ಆರ್ಥಿಕ ನೆರವಿನ ವ್ಯವಸ್ಥೆಯಿದೆ. ಉಳಿದ ಭಾರಕ್ಕೆ ಸಮುದಾಯದ ಉಳ್ಳವರು ಬಡ್ಡಿರಹಿತ ಸಾಲದ ನಿಧಿಯೊಂದನ್ನು ಕಟ್ಟಲಾರರೇ? ಒಂದೇ ರಾತ್ರಿಯ ಔತಣಕ್ಕೆ ಲಕ್ಷಾಂತರ ರೂಪಾಯಿ ಸುರಿಯುವ ನಮಗೆ ಹಣವಿಲ್ಲವೆಂಬ ನೆಪ ಒಪ್ಪುವುದಿಲ್ಲ. ಮ್ಯಾನೇಜ್‌ಮೆಂಟ್ ಎಂಬ ಹೆಸರಿನ ಫಲಕ ಕಂಡಲ್ಲೆಲ್ಲ ಹಣ ಕಟ್ಟುವ ಆತುರವೂ ಬೇಡ. ಕಲಿತು ಹೊರಬಂದವರಿಗೆ ಎಂಥ ಕೆಲಸ ಸಿಕ್ಕಿದೆ ಎಂದು ಮೊದಲು ವಿಚಾರಿಸಬೇಕು.

ಆಯ್ಕೆಯಾಗುವವರು ಕೆಲವರೇ ಇರಬಹುದು. ಆದರೆ ಪ್ರಯತ್ನಿಸುವವರೇ ಕೆಲವರಾಗಿದ್ದರೆ ತಾರತಮ್ಯದ ಕುರಿತ ನಮ್ಮ ದೂರಿಗೂ ಬಲವಿರದು. ಜಮಾಅತ್‌ಗಳು ತಮ್ಮ ಸಭಾಂಗಣದ ಒಂದು ಕೋಣೆಯನ್ನು ರಾತ್ರಿ ಓದಿಗೆ ತೆರೆದಿಡಲಿ. ಮನೆಯವರು ದುಡಿದು ಬಂದ ಮಗನಿಗೂ ಮಗಳಿಗೂ ಎರಡು ಗಂಟೆಯ ನಿಶ್ಶಬ್ದವನ್ನು ಕೊಡಲಿ. ಇದಕ್ಕೆ ಸರಕಾರದ ಆದೇಶಕ್ಕಾಗಿ ಕಾಯಬೇಕಾಗಿಲ್ಲ.