ಕೈಗುಣವೊಂದೇ ಸಾಕೆ?

ಹೃದಯದ ಶಸ್ತ್ರಚಿಕಿತ್ಸೆಯೆಂದೊಡನೆ ನಮ್ಮ ಜನ ಮೊದಲು ವಿಚಾರಿಸುವುದು ವೈದ್ಯರ ಕೈಗುಣವನ್ನು. ಕಡಿಯಾಳಿಯ ನಮ್ಮ ಕೇರಿಯೂ ಇದಕ್ಕೆ ಹೊರತಲ್ಲ. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಸ್ಥಾಪಿಸಿದ ವೈದ್ಯಕೀಯ ಕಾಲೇಜು ಪಕ್ಕದ ಮಣಿಪಾಲದಲ್ಲಿಯೇ ಇದೆ. ಆದರೆ ಆಸ್ಪತ್ರೆ ಹತ್ತಿರವಿದ್ದ ಮಾತ್ರಕ್ಕೆ ಅರಿವು ಹತ್ತಿರ ಬರುವುದೇ?

ನನ್ನ ಸೋದರಮಾವ ಮೂವತ್ತು ವರ್ಷ ಹೋಟೆಲಿನಲ್ಲಿ ಅಡಿಗೆ ಮಾಡಿದವರು. ಸಕ್ಕರೆ ಕಾಯಿಲೆ ಇದೆಯೆಂದು ಅವರಿಗೆ ತಿಳಿದಿತ್ತು. ನೆನಪಾದ ದಿನ ಒಂದು ಗುಳಿಗೆ ನುಂಗುತ್ತಿದ್ದರು. ಕಳೆದ ವರ್ಷ ಅವರಿಗೆ ಬೈಪಾಸ್ ಶಸ್ತ್ರಚಿಕಿತ್ಸೆಯಾಯಿತು. ಅದೇ ವಾರ ಅದೇ ವೈದ್ಯರಿಂದ ಅದೇ ಚಿಕಿತ್ಸೆ ಪಡೆದ ಪಕ್ಕದ ಹಾಸಿಗೆಯವರು ಎಂಟನೆಯ ದಿನ ಮನೆಗೆ ಹೋದರು. ಮಾವ ಹೊರಟದ್ದು ಇಪ್ಪತ್ತೊಂದನೆಯ ದಿನ. ಎದೆಯ ಗಾಯ ಒಣಗಲೇ ಇಲ್ಲ. "ಡಾಕ್ಟ್ರ ಕೈಗುಣ ಸರಿಯಿಲ್ಲ ಮಗಾ" ಎಂದು ಅತ್ತೆ ಕಣ್ಣೊರೆಸಿಕೊಂಡರು. ಕೈ ಎರಡೂ ಕಡೆ ಒಂದೇ ಆಗಿತ್ತಲ್ಲವೆ?

ವ್ಯತ್ಯಾಸವಿದ್ದದ್ದು ರಕ್ತದಲ್ಲಿ. ಬೈಪಾಸಿನಲ್ಲಿ ಎದೆಯ ನಡುವಣ ಎಲುಬನ್ನು ಸೀಳಿ, ಮತ್ತೆ ತಂತಿಯಿಂದ ಬಿಗಿಯುತ್ತಾರೆ; ಅದು ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಸಕ್ಕರೆ ಏರಿದ ರಕ್ತದಲ್ಲಿ ಸೋಂಕಿನೊಡನೆ ಹೋರಾಡುವ ಬಿಳಿ ಕಣಗಳು ಸೋಮಾರಿಗಳಾಗುತ್ತವೆ. ಬಹುಕಾಲದ ಮಧುಮೇಹದಿಂದ ಕಿರುನಾಳಗಳು ಕೆಟ್ಟು, ಗಾಯಕ್ಕೆ ಪ್ರಾಣವಾಯು ಸಾಲದಾಗುತ್ತದೆ, ಮೂತ್ರಪಿಂಡಗಳೂ ಬಳಲುತ್ತವೆ. ಸಾಲದುದಕ್ಕೆ, ಶಸ್ತ್ರಚಿಕಿತ್ಸೆಯ ಆಘಾತವೇ ಸಕ್ಕರೆಯನ್ನು ಇನ್ನಷ್ಟು ಏರಿಸುತ್ತದೆ. ಆದುದರಿಂದಲೇ ಆ ದಿನಗಳಲ್ಲಿ ಇನ್ಸುಲಿನ್ ಕೊಟ್ಟು, ಸಕ್ಕರೆ 180ನ್ನು ಮೀರದಂತೆ ವೈದ್ಯರು ಕಾಯುತ್ತಾರೆ. ಮಧುಮೇಹಿಗಳೆಲ್ಲರಿಗೂ ಹೀಗೆಯೇ ಆಗುವುದೆಂದಲ್ಲ. ಸಕ್ಕರೆಯನ್ನು ಮೊದಲಿನಿಂದಲೂ ಹತೋಟಿಯಲ್ಲಿಟ್ಟವರಿಗೆ ಈ ಅಪಾಯ ಬಹಳ ಕಡಿಮೆ.

ಹೆಚ್ಚಿನ ದಿನಗಳ ಬೆಲೆಯನ್ನು ಯಾರು ತೆರಬೇಕು? 2018ರಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯ ಹೊಣೆ ಹೊರುತ್ತದೆ. ಇದು ದೊಡ್ಡ ಉಪಕಾರವೇ ಸರಿ. ಆದರೆ ಹಾಸಿಗೆಯ ಬಳಿ ಕುಳಿತ ಅತ್ತೆ ಕಟ್ಟದೆ ಬಿಟ್ಟ ಬೀಡಿಗಳ ಕೂಲಿಯನ್ನು ಯಾವ ಯೋಜನೆಯೂ ಕೊಡುವುದಿಲ್ಲ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಚೇತರಿಕೆ ಆರಂಭವಾಗಬೇಕಾದುದು ಶಸ್ತ್ರಚಿಕಿತ್ಸೆಯ ಮರುದಿನವಲ್ಲ, ವರ್ಷಗಳ ಮೊದಲೇ, ಮನೆಯ ಅಡಿಗೆಮನೆಯಲ್ಲಿ. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯಿದೆ. ಅದರ ಲೆಕ್ಕವನ್ನು ಮನೆಯಲ್ಲಿ ಒಬ್ಬರಾದರೂ ಓದಬೇಕು. ಆ ಒಬ್ಬರು ನಾವೇ.

ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮಾವನ ರಕ್ತಪರೀಕ್ಷೆಯ ಚೀಟಿಗಳು ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿ ಎರಡು ವರ್ಷವಿದ್ದುವು. ಕುಮಾರವ್ಯಾಸನ ಷಟ್ಪದಿಗೆ ಅರ್ಥ ಬರೆದು ಅಂಕ ಗಳಿಸಿದ ನಾನು ಅವುಗಳಲ್ಲಿ ಒಂದನ್ನೂ ಬಿಚ್ಚಿ ನೋಡಲಿಲ್ಲ. ಸಹಪಾಠಿಗಳೇ, ಈ ರಜೆಯಲ್ಲಿ ಮನೆಗೆ ಹೋದಾಗ ನಿಮ್ಮ ಮನೆಯ ಡಬ್ಬಿಯನ್ನು ತೆರೆದು ನೋಡಿರಿ.

— ಅಂತಿಮ ಬಿ. ಎ. ವಿದ್ಯಾರ್ಥಿ